ಬಟ್ಟೆ ಒಗೆಯಲು ಮುಹೂರ್ತ

ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ಬೆಳುಗುಪ್ಪದಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ವಿಚಾರಿಸುವುದು ನೀರನ್ನು. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಬೋರಿನ ನೀರು ಉಪ್ಪೋ ಸಿಹಿಯೋ, ತೊಟ್ಟಿ ಎಷ್ಟು ದೊಡ್ಡದು. ಇಷ್ಟು ಇತ್ಯರ್ಥವಾದ ಮೇಲೆ, ಮನಸ್ಸಿದ್ದರೆ, ಮನೆಗೆ ಕಿಟಕಿ ಇದೆಯೇ ಎಂದು ನೋಡುತ್ತಾರೆ. ಬಟ್ಟೆ ಎಲ್ಲಿ ಒಗೆಯುವುದು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕಲ್ಲು ಇದ್ದಲ್ಲಿ ಒಗೆಯುವುದು, ಹಗ್ಗ ಕಟ್ಟಲು ಬಂದಲ್ಲಿ ಒಣಹಾಕುವುದು. ಅದರಲ್ಲಿ ಕೇಳುವುದೇನಿದೆ?

ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮನೆ ಹುಡುಕುವಾಗ ದಿನಾ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದ. ಅದರಲ್ಲಿ ನೀರಿನ ಸುದ್ದಿಯೇ ಇಲ್ಲ. ಬರೀ ವಾಷಿಂಗ್ ಮಷಿನ್ನಿನ ಸುದ್ದಿ. "ಮನೆ ಚೆನ್ನಾಗೈತಮ್ಮ, ಆದ್ರೆ ಬಚ್ಚಲಲ್ಲಿ ಮಷಿನ್ ಇಡಾಕೆ ಜಾಗ ಇಲ್ಲ" ಎನ್ನುವನು. ಆ ದೇಶದಲ್ಲಿ ಬಾಡಿಗೆ ಮನೆ ಎಂದರೆ ಎಷ್ಟೋ ಕಡೆ ಬರೀ ಗೋಡೆ. ಹಿಂದೆ ಇದ್ದವರು ಹೋಗುವಾಗ ಅಡುಗೆಮನೆಯ ಕಪಾಟು, ಸಿಂಕು, ಸ್ಟೌ, ಕಡೆಗೆ ಬಲ್ಬನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ಸೂರಿನಿಂದ ಎರಡು ವೈರು ಜೋತಾಡುತ್ತಿರುತ್ತವೆ. ವಾಷಿಂಗ್ ಮಷಿನ್ ನಾವೇ ತರಬೇಕು. ಅದನ್ನು ಕೂರಿಸಲು ಬಚ್ಚಲಲ್ಲೇ ನಲ್ಲಿ ಇದ್ದವರು ಭಾಗ್ಯವಂತರು. ಇಲ್ಲದವರಿಗೆ ಕಟ್ಟಡದ ನೆಲಮಾಳಿಗೆ. ಅದೂ ಇಲ್ಲದವರು ಮೂಟೆ ಹೊತ್ತುಕೊಂಡು ಕಾಸು ಹಾಕಿ ಒಗೆಯುವ ಅಂಗಡಿಗೆ ಹೋಗಬೇಕು. ಮಗನಿಗೆ ಸಿಕ್ಕಿದ್ದು ನಡುವಿನ ಯೋಗ. ನೆಲಮಟ್ಟದಲ್ಲಿ ಬ್ರೆಡ್ಡಿನ ಅಂಗಡಿ, ಅದರ ಮೇಲೆ ಮೂರು ಮಹಡಿ, ಮಹಡಿಗೆರಡು ಮನೆ. ನಮ್ಮದು ತುತ್ತತುದಿಗೆ, ಮಷಿನ್ನು ಪಾತಾಳದಲ್ಲಿ. ಲಿಫ್ಟಿಲ್ಲ.

"ಇಷ್ಟು ಕಾರು ಮಾಡೋ ಊರಲ್ಲಿ ಒಂದು ಲಿಫ್ಟ್ ಮಾಡಾಕೆ ಯಾರಿಗೂ ಬರಲ್ಲೇನೋ?" ಎಂದರು ನಮ್ಮ ಯಜಮಾನರು, ನಾವಿಬ್ಬರೂ ಅಲ್ಲಿಗೆ ಹೋದ ಮೊದಲನೇ ದಿನ ಮೆಟ್ಟಿಲ ನಡುವೆ ಕೂತು.

ಒಗೆತದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನ್ನದು. ಶೇಂಗಾ ಕೀಳುವ ಕಾಲದಲ್ಲಿ ಪಂಚೆಗೆ ಹತ್ತಿದ ಕೆಂಪು ಮಣ್ಣನ್ನು ಬಾರ್ ಸೋಪು, ಕಲ್ಲು, ರಟ್ಟೆ ಈ ಮೂರರಿಂದಲೇ ಬಿಡಿಸಿದವಳು ನಾನು. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಅದೂ ಮೋಡದ ದಯೆ. ಆದರೆ ನೀರೊಂದನ್ನು ಬಿಟ್ಟರೆ ಒಗೆತಕ್ಕೆ ಬೇಕಾದ್ದು ಯಾವುದಕ್ಕೂ ನಮ್ಮಲ್ಲಿ ಬರವಿಲ್ಲ. ಬಿಸಿಲು ಬೇಕಾದಷ್ಟು. ಜಾಗ ಬೇಕಾದಷ್ಟು. ಸದ್ದು ಮಾಡಲಂತೂ ಯಾರ ಅಪ್ಪಣೆಯೂ ಬೇಡ. ಬಟ್ಟೆ ಕಲ್ಲಿಗೆ ಬೀಳುವ ರಭಸದ ಮೇಲೆ ಯಾವ ಮನೆಯಲ್ಲಿ ಅತ್ತೆ ಸೊಸೆಗೆ ಮಾತಾಗಿದೆ ಎಂದು ಓಣಿಯೆಲ್ಲ ತಿಳಿದುಕೊಳ್ಳುತ್ತಿತ್ತು. ಮಗ ಒಮ್ಮೆ ಊರಿಗೆ ಬಂದಾಗ ಪೂರ್ತಿ ಆಟೋಮ್ಯಾಟಿಕ್ ಮಷಿನ್ ಕೊಡಿಸಿ ಹೋದ. ಅದಕ್ಕೆ ನಲ್ಲಿಯಲ್ಲಿ ಒಂದೇ ಸಮ ನೀರು ಬರಬೇಕು. ಬಿಂದಿಗೆಯಲ್ಲಿ ಹೊಯ್ದರೆ ಒಪ್ಪದೆ ಕೀ ಕೀ ಎಂದು ಅರಚುತ್ತದೆ. ಈಗ ಅದರ ಮೇಲೆ ಕಂಬಳಿ ಹಾಸಿ ಇಸ್ತ್ರಿ ಮಾಡುತ್ತೇವೆ, ಎತ್ತರ ಸರಿಯಾಗಿದೆ.

ಸ್ಟುಟ್‌ಗಾರ್ಟ್‌ನ ನೆಲಮಾಳಿಗೆಯಲ್ಲಿ ಕತ್ತಲೆ, ಹೆಗ್ಗಣ ಇರಬಹುದೆಂದುಕೊಂಡು ಇಳಿದರೆ ಅದು ನಮ್ಮ ದೇವರ ಮನೆಗಿಂತ ಚೊಕ್ಕಟವಾಗಿತ್ತು. ಬೂದು ಬಣ್ಣ ಬಳಿದ ನೆಲ, ನಡುವೆ ನೀರಿಳಿಯುವ ಜಾಲರಿ. ಗೋಡೆ ಉದ್ದಕ್ಕೂ ಆರು ಮಷಿನ್ನು, ಒಂದೊಂದರ ನೆತ್ತಿಯ ಮೇಲೆ ಮನೆ ನಂಬರು ಬರೆದ ಒಂದೊಂದು ಸ್ವಿಚ್ಚು. ಪ್ಲಗ್ಗಿಗೆ ಹೆಬ್ಬೆರಳಷ್ಟು ದಪ್ಪದ ಬೀಗ, ಯಾಕೆಂದರೆ ಆ ಕರೆಂಟು ಅವರವರ ಮೀಟರಿಗೆ ಹೋಗಿ ಸೇರುತ್ತದೆ. ಪಕ್ಕದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಣಹಾಕುವ ಹಗ್ಗ. ಮಷಿನ್ನು ಅವರವರದಾದರೂ ಹಗ್ಗ ಎಲ್ಲರದು. ಅದನ್ನು ವಾರದ ಲೆಕ್ಕದಲ್ಲಿ ಹಂಚಿ, ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಬಾಗಿಲಿಗೆ ಅಂಟಿಸಿದ್ದರು. ಬುಧವಾರ ನಮ್ಮದು.

ಆ ಹಾಳೆ ಪಂಚಾಂಗವೇ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಮಷಿನ್ ತಿರುಗಬಾರದು. ಮಧ್ಯಾಹ್ನ ಒಂದರಿಂದ ಮೂರು, ಹಿರಿಯರು ಮಲಗುವ ಹೊತ್ತು, ಆಗಲೂ ಬಾರದು. ಭಾನುವಾರ ಪೂರ್ತಿ ರಾಹುಕಾಲ. ಭಾನುವಾರ ವಿಶ್ರಾಂತಿಯ ದಿನ ಎಂದು ಅವರ 1919ರ ವೈಮಾರ್ ಸಂವಿಧಾನದ 139ನೇ ವಿಧಿಯಲ್ಲೇ ಬರೆದುಕೊಂಡಿದ್ದಾರೆ. 1949ರಲ್ಲಿ ಹೊಸದು ಬರೆದಾಗ 140ನೇ ವಿಧಿಯಲ್ಲಿ ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಮಷಿನ್ನಿನ ಹೆಸರು ಅಲ್ಲಿಲ್ಲ. ಅದನ್ನು ಸೇರಿಸುವ ಕೆಲಸವನ್ನು ಮನೆ ಮಾಲೀಕರು ಕಟ್ಟಡಕ್ಕೊಂದರಂತೆ ನಿಯಮ ಬರೆದು ಪೂರೈಸಿದ್ದಾರೆ.

ಜರ್ಮನ್ ಬಾರದವರಿಗೆ ಇದೆಲ್ಲ ಕಷ್ಟವಾಗಲಿಲ್ಲವೇ ಎಂದು ಬೆಂಗಳೂರಿನ ನೆಂಟರು ಕೇಳುತ್ತಾರೆ. ನಮ್ಮ ಕಡೆಯ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದಿನಿಂದ ನಮ್ಮ ಕಡೆಯ ಕನ್ನಡದವರು ಮನೆಯಲ್ಲಿ ಒಂದು ಭಾಷೆ ಆಡಿಕೊಂಡು ಕಚೇರಿ ಬಾಗಿಲಲ್ಲಿ ಇನ್ನೊಂದು ಭಾಷೆಯ ನೋಟೀಸಿಗೆ ತಲೆಯಾಡಿಸುತ್ತ ಬಂದಿದ್ದೇವೆ. ಮೂರನೆಯದೊಂದು ಬಂದರೆ ಹೆದರುವ ಜನವಲ್ಲ. ಯಜಮಾನರು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಮೇಲಿಂದ ಕೆಳಗೆ ಓದಿ, "ದಂಡ ಎಷ್ಟು ಅಂತ ಬರೆದಿಲ್ಲ, ಪರವಾಗಿಲ್ಲ" ಎಂದು ತೀರ್ಪು ಕೊಟ್ಟರು. ಒಂದಕ್ಷರವೂ ಅವರಿಗೆ ತಿಳಿದಿರಲಿಲ್ಲ.

ಇನ್ನು ಮಷಿನ್ನು. ನಮ್ಮ ಕಡೆ ಬೇಸಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಕೈ ಸುಡುತ್ತದೆ. ಅಲ್ಲಿ ಮಷಿನ್ ತಣ್ಣೀರು ತೆಗೆದುಕೊಂಡು ತನ್ನ ಹೊಟ್ಟೆಯೊಳಗೇ ಕಾಯಿಸಿಕೊಳ್ಳುತ್ತದೆ. ಮೂವತ್ತು, ನಲವತ್ತು, ಅರವತ್ತು, ತೊಂಬತ್ತು ಡಿಗ್ರಿ ಎಂದು ಗುಂಡಿಯ ಸುತ್ತ ಬರೆದಿರುತ್ತದೆ. ಕರೆಂಟು ಹೆಚ್ಚಾಗಿ ಖರ್ಚಾಗುವುದು ತಿರುಗುವುದಕ್ಕಲ್ಲ, ಈ ಕಾಯಿಸುವುದಕ್ಕೆ. ಆದ್ದರಿಂದ ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ಬರುವ ಮಷಿನ್ನುಗಳಲ್ಲಿ 'ಇಕೋ 40-60' ಎಂಬುದೊಂದು ಕಡ್ಡಾಯವಾಗಿ ಇರಬೇಕಂತೆ. ಬಿಸಿ ಕಡಿಮೆ, ಹೊತ್ತು ಜಾಸ್ತಿ. ಸೊಸೆ ಉಳಿತಾಯದವಳು, ಅದನ್ನೇ ಒತ್ತುತ್ತಾಳೆ. ಮೂರು ಗಂಟೆ ಇಪ್ಪತ್ತು ನಿಮಿಷ! ಅಷ್ಟರಲ್ಲಿ ಬೆಳುಗುಪ್ಪದವರು ರಾಯದುರ್ಗದ ಸಂತೆ ಮುಗಿಸಿಕೊಂಡು ಬಂದಾರು. ಬೆಳಿಗ್ಗೆ ಒಂಬತ್ತೂವರೆಯೊಳಗೆ ಗುಂಡಿ ಒತ್ತಲಿಲ್ಲವೋ, ಒಂದು ಗಂಟೆಯ ರಾಹುಕಾಲ ಒಳಗೇ ಬಂದು ಕೂರುತ್ತದೆ. "ಅತ್ತೆ, ಒಂಬತ್ತೂ ಹತ್ತಾಯ್ತು, ನಿಮ್ಮ ಬಟ್ಟೆ ಕೊಡ್ತೀರಾ?" ಎಂದು ಸೊಸೆ ಬುಧವಾರ ಬೆಳಿಗ್ಗೆ ಮನೆ ತುಂಬ ಓಡಾಡುವುದನ್ನು ನೋಡಿದರೆ ಧಾರೆಯ ಮುಹೂರ್ತ ಮೀರುತ್ತಿದೆ ಎನಿಸಬೇಕು. ಒಮ್ಮೆ ಬಾಗಿಲು ಹಾಕಿಕೊಂಡರೆ ಅದು ತೆಗೆಯುವುದಿಲ್ಲ. ಮರೆತ ಕರ್ಚೀಫನ್ನು ಹಿಡಿದುಕೊಂಡು ಗಾಜಿನ ಮುಂದೆ ನಿಲ್ಲಬೇಕು, ಮುಂದಿನ ಬುಧವಾರದವರೆಗೆ.

ಈ ಯಂತ್ರ ಹುಟ್ಟಿದ್ದೂ ಒಂದು ತಮಾಷೆಯೇ. ಜರ್ಮನಿಯ ಹೆಸರುವಾಸಿ ಮೀಲೆ ಕಂಪನಿ 1899ರಲ್ಲಿ ಶುರುವಾದಾಗ ಮಾಡುತ್ತಿದ್ದುದು ಹಾಲಿನಿಂದ ಕೆನೆ ತೆಗೆಯುವ ಯಂತ್ರ. ಆಮೇಲೆ ಬೆಣ್ಣೆ ಕಡೆಯುವ ಮರದ ಪೀಪಾಯಿಯನ್ನೇ ತಿದ್ದಿ ಬಟ್ಟೆ ಒಗೆಯುವುದಕ್ಕೆ ಒಗ್ಗಿಸಿದರು. ಪಂಜಾಬಿನ ಢಾಬಾಗಳಲ್ಲಿ ವಾಷಿಂಗ್ ಮಷಿನ್ನಿನಲ್ಲಿ ಲಸ್ಸಿ ಕಡೆಯುತ್ತಾರೆಂದು ನಾವು ನಗುತ್ತೇವೆ; ಅವರು ಅದನ್ನು ತವರಿಗೆ ಕಳಿಸಿದ್ದಾರೆ, ಅಷ್ಟೇ. ತಮಾಷೆಗೆ ನಮ್ಮಲ್ಲೂ ಕಡಿಮೆಯಿಲ್ಲ. ನಮ್ಮ ಪಕ್ಕದ ರಾಯದುರ್ಗ, ಬಳ್ಳಾರಿಗಳಲ್ಲಿ ಜೀನ್ಸ್ ಹೊಲಿಯುವುದು ದೊಡ್ಡ ಕಸುಬು. ಹೊಲಿದ ಹೊಸ ಪ್ಯಾಂಟನ್ನು ಹಳೆಯದರಂತೆ ಕಾಣಿಸಲು ಒಂದು ಒಗೆತವಿದೆ, ಸ್ಟೋನ್ ವಾಷ್. ದೊಡ್ಡ ಮಷಿನ್ನಿಗೆ ಪ್ಯಾಂಟಿನ ಜೊತೆ ಹಗುರವಾದ, ತೂತು ತೂತಾದ ಕಲ್ಲು ಸುರಿದು ತಿರುಗಿಸುತ್ತಾರೆ. ಕಲ್ಲಿಗೆ ಬಡಿದರೆ ಬಟ್ಟೆ ಹಾಳು ಎಂದು ನಮ್ಮ ಕೈಯಿಂದ ಕಲ್ಲು ಬಿಡಿಸಿದವರು ಮಷಿನ್ನಿನೊಳಗೇ ಕಲ್ಲು ಹಾಕಿ, ಮಸಕಾದದ್ದಕ್ಕೆ ದುಪ್ಪಟ್ಟು ಬೆಲೆ ಕಟ್ಟಿ ಮಾರುತ್ತಾರೆ. ಆ ಲೆಕ್ಕದಲ್ಲಿ ನಾನು ಒಗೆದ ಬಟ್ಟೆಗಳಿಗೆ ಯಾರೂ ಸರಿಯಾದ ಬೆಲೆ ಕಟ್ಟಿಲ್ಲ.

ನೀರು ಎಲ್ಲಿಂದ ಬರುತ್ತದೆ ಎಂದು ಯಜಮಾನರಿಗೆ ಯೋಚನೆ. ಹೋದ ಕಡೆಯೆಲ್ಲ ಅವರು ಮೊದಲು ಕೇಳುವುದು ಅದನ್ನೇ. ಸ್ಟುಟ್‌ಗಾರ್ಟ್‌ಗೆ ಬಹಳಷ್ಟು ನೀರು ನೂರು ಕಿಲೋಮೀಟರಿಗೂ ಉದ್ದದ ಪೈಪಿನಲ್ಲಿ ಬೋಡನ್ ಸರೋವರದಿಂದ ಬರುತ್ತದೆ. ಸಿಪ್ಲಿಂಗನ್ ಎಂಬಲ್ಲಿ ಸರೋವರದ ಅರವತ್ತು ಮೀಟರ್ ಆಳದಿಂದ ಎಳೆದು, ಮುನ್ನೂರು ಮೀಟರಿಗೂ ಎತ್ತರದ ಗುಡ್ಡಕ್ಕೆ ಪಂಪು ಮಾಡುತ್ತಾರೆ. 1958ರಿಂದ ಹೀಗೆ ನಡೆದಿದೆ. ಕೇಳಿ ಅವರ ಮುಖ ಅರಳಿತು. "ನಮ್ಮ ಜೀಡಿಪಲ್ಲಿ ಕೆರೆಗೂ ಹಂದ್ರಿ-ನೀವಾ ಕಾಲುವೆಯಾಗೆ ಹಿಂಗೇ, ಶ್ರೀಶೈಲದಿಂದ ಕೃಷ್ಣೆ ನೀರು ಎತ್ತಿಕೊಂಡು ಬರ್ತಾರೆ" ಎಂದು ಬ್ರೆಡ್ಡಿನ ಅಂಗಡಿಯವನಿಗೂ ಹೇಳಿ ಬಂದರು. ಅವನು ಎರಡು ಬನ್ನು ಕೊಟ್ಟು ಕಳಿಸಿದನಂತೆ.

ಒಗೆಯುವುದು ಹೇಗೋ ಆಯಿತು. ಒಣಗಿಸುವುದಿದೆಯಲ್ಲ, ಅದು ಬೇರೆ ಪುರಾಣ. ಕೆಳಗಿನ ಹಗ್ಗ ನಮಗೆ ವಾರಕ್ಕೊಂದೇ ದಿನ. ಬಾಲ್ಕನಿಯಲ್ಲಿ ಕಂಬಿಗಿಂತ ಮೇಲೆ ಬಟ್ಟೆ ಕಾಣಬಾರದು ಎಂದು ನಿಯಮ. ಚಳಿಗಾಲಕ್ಕೆ ಹೇಗೂ ಅಲ್ಲಿ ಬಿಸಿಲಿಲ್ಲ. ಮನೆಯೊಳಗೆ ಸ್ಟ್ಯಾಂಡಿನ ಮೇಲೆ ಹರವಿದರೆ ತೇವಕ್ಕೆ ಗೋಡೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದರೆ ಮಾಲೀಕರಿಂದ ಪತ್ರ ಬರುತ್ತದೆ: ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದಿಡಿ. ಹೊರಗೆ ಹಿಮ ಬೀಳುತ್ತಿರುವಾಗ, ಒಳಗೆ ಹೀಟರು ಉರಿಸಿ, ಬಟ್ಟೆಯ ತೇವವನ್ನು ಹೊರಕ್ಕೆ ಕಳಿಸಲು ಕಿಟಕಿ ತೆರೆದು, ನಾವು ಮಂಕಿಟೋಪಿ ಹಾಕಿಕೊಂಡು ಕೂರುವುದು. ಕಡೆಗೆ ಸೊಸೆ ಡ್ರೈಯರ್ ತರಿಸಿದಳು. ಅದು ಬಟ್ಟೆಯ ನೀರನ್ನು ಒಂದು ಡಬ್ಬಕ್ಕೆ ಇಳಿಸಿಡುತ್ತದೆ. ಚೆಲ್ಲಿಬಿಡಿ ಅತ್ತೆ, ಎಂದಳು. ಒಂದು ಚೆಂಬಿಗಿಂತ ಹೆಚ್ಚೇ ಇದ್ದ ನೀರನ್ನು ಚೆಲ್ಲಲು ಬೆಳುಗುಪ್ಪದ ಕೈ ಬರಬೇಕಲ್ಲ? ಬಕೆಟ್ಟಿಗೆ ತುಂಬಿಟ್ಟೆ. ಇಸ್ತ್ರಿಗಾಯಿತು, ನೆಲ ಒರೆಸಲಾಯಿತು. ಮಗ ನೋಡಿ ನಕ್ಕ. ನಗಲಿ.

ಹೊರದೇಶಗಳಲ್ಲಿ ಚೆದುರಿರುವ ನಮ್ಮ ಕಡೆಯ ಹುಡುಗರನ್ನೆಲ್ಲ ವಿಚಾರಿಸಿದ್ದೇನೆ. ಎಲ್ಲರಿಗೂ ಇದೇ ಕಥೆ, ಪಾಡು ಬೇರೆ. ನಾದಿನಿಯ ಮಗಳು ನ್ಯೂಜೆರ್ಸಿಗೆ ಹೋದ ಹೊಸದರಲ್ಲಿ ಕಾಲು ಡಾಲರಿನ ನಾಣ್ಯಗಳನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಮಷಿನ್ನಿಗೆ ಅದೇ ಬೇಕು. ಮಷಿನ್ನುಗಳನ್ನು ಹೊತ್ತಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಯನ್ನು 1934ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ತೆರೆದರಂತೆ. ಆ ದೇಶದ ಎಷ್ಟೋ ಬಡಾವಣೆಗಳಲ್ಲಿ ಅಂಗಳದಲ್ಲಿ ಹಗ್ಗ ಕಟ್ಟಬಾರದು. ಫ್ಲಾರಿಡಾದಂಥ ಕೆಲವು ರಾಜ್ಯಗಳು ಬಟ್ಟೆ ಒಣಹಾಕುವುದು ಜನರ ಹಕ್ಕು ಎಂದು ಕಾನೂನನ್ನೇ ಮಾಡಬೇಕಾಯಿತು. ದುಬೈಯಲ್ಲಿರುವ ಮೈದುನನ ಮಗನಿಗೆ ಬಿಸಿಲು ನಮ್ಮೂರಿಗಿಂತ ಜಾಸ್ತಿ, ಆದರೆ ಬಾಲ್ಕನಿಯಲ್ಲಿ ಹರವಿದರೆ ದಂಡ. ಸ್ವಿಟ್ಜರ್ಲೆಂಡಿನಲ್ಲಂತೂ ಒಗೆಯುವ ಕೋಣೆಯ ಬೀಗದ ಕೈ ಮನೆಯಿಂದ ಮನೆಗೆ ಸರದಿಯಲ್ಲಿ ಸಾಗುತ್ತದೆ. ಅಲ್ಲಿಯ ಲೇಖಕ ಹ್ಯೂಗೋ ಲೋಟ್ಷರ್ 1983ರಲ್ಲಿ ತಮ್ಮ ಪುಸ್ತಕವೊಂದಕ್ಕೆ ಆ ಬೀಗದ ಕೈಯ ಹೆಸರನ್ನೇ ಇಟ್ಟರು.

ನಮ್ಮ ನೆಲಮಾಳಿಗೆಗೆ ಒಡತಿ ಒಂದನೇ ಮಹಡಿಯ ಅಜ್ಜಿ. ಕಾಗದದ ಮೇಲೆ ಯಾರೂ ಆಕೆಯನ್ನು ನೇಮಿಸಿಲ್ಲ. ಮಷಿನ್ನಿನ ರಬ್ಬರು ಒರೆಸಿದ್ದಾರೆಯೇ, ಬಾಗಿಲು ಅರ್ಧ ತೆರೆದಿಟ್ಟಿದ್ದಾರೆಯೇ, ನೆಲದ ನೀರನ್ನು ಜಾಲರಿಗೆ ತಳ್ಳಿದ್ದಾರೆಯೇ, ಎಲ್ಲ ಆಕೆ ನೋಡಬೇಕು. ಗುರುವಾರ ಆಕೆಯ ಸರದಿ. ಹಗ್ಗದ ಮೇಲೆ ಕಾಲುಚೀಲ ಜೋಡಿ ಜೋಡಿಯಾಗಿ, ಟವಲ್ಲು ಅಳತೆಯ ಪ್ರಕಾರ, ಒಂದೇ ಬಣ್ಣದ ಕ್ಲಿಪ್ಪು. ಅಂಥ ಕೋಣೆಗೆ ನನ್ನ ಹತ್ತಿ ಸೀರೆ ಹೋಯಿತು. (ಮೊಳಕಾಲ್ಮೂರು ರೇಷ್ಮೆ ಪೆಟ್ಟಿಗೆಯಲ್ಲೇ ಇತ್ತು, ಅದನ್ನು ಮಷಿನ್ನಿಗೆ ತೋರಿಸಲೂ ಇಲ್ಲ.) ನಿಮಿಷಕ್ಕೆ ಸಾವಿರದ ನಾನೂರು ಸುತ್ತು ಹಿಂಡಿದ ಸೀರೆ ಮಗನ ಜೀನ್ಸನ್ನೂ ಯಜಮಾನರ ಬನಿಯನ್ನುಗಳನ್ನೂ ಸುತ್ತಿಕೊಂಡು ಒಂದೇ ಮುದ್ದೆಯಾಗಿ ಹೊರಬಂತು. ನಾನು ಅದನ್ನು ಬಿಡಿಸುತ್ತಿದ್ದಾಗ ಹಿಂದೆ ಆಕೆ.

ಏನೋ ಅಂದಳು. "ಸೀರೆ ಅಜ್ಜಿ, ಐದೂವರೆ ಮೀಟರು" ಎಂದೆ. ಆಕೆ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ಹಿಂದೆ ಸರಿದಳು. ಕೋಣೆ ಮುಗಿಯಿತು, ಬಾಗಿಲು ದಾಟಿದಳು, ಮೆಟ್ಟಿಲ ಬುಡ ಮುಟ್ಟಿದಳು, ಸೀರೆ ಇನ್ನೂ ಬರುತ್ತಲೇ ಇತ್ತು. ಆಮೇಲೆ ನಾನು ಹೇಳದೆಯೇ ಇಬ್ಬರೂ ಒಟ್ಟಿಗೆ ಒಂದು ಸಲ ಝಾಡಿಸಿದೆವು. ಎಷ್ಟು ಜೋರಾಗಿ ಫಟಾರ್ ಎಂದಿತೆಂದರೆ ಮೇಲಿಂದ ಯಾರೋ ಬಾಗಿಲು ತೆಗೆದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಇನ್ನೊಂದು ಸಲ ಝಾಡಿಸೋಣ ಎಂದು ಕೈಸನ್ನೆ ಮಾಡಿದಳು.

ಸೀರೆ ನಮ್ಮ ಬುಧವಾರಕ್ಕೆ ಒಣಗಲಿಲ್ಲ, ಗುರುವಾರ ಆಕೆಯ ಹಗ್ಗದ ಮೇಲೂ ಇತ್ತು. ತಕರಾರು ಬರುತ್ತದೆಂದು ಸೊಸೆ ಒಂದು ಡಬ್ಬಿ ಚಕ್ಕುಲಿ ಸಿದ್ಧ ಮಾಡಿಟ್ಟಳು. ತಕರಾರು ಬರಲಿಲ್ಲ. ಮುಂದಿನ ವಾರ ಬಾಗಿಲ ಹಾಳೆಯಲ್ಲಿ ಆಕೆಯ ಗುರುವಾರದ ಮುಂದೆ ನೀಲಿ ಪೆನ್ನಿನಲ್ಲಿ ಹೊಸದೊಂದು ಸಾಲು ಸೇರಿತ್ತು. ಎಡಗಡೆಯ ಎರಡು ಹಗ್ಗ: ಸಾರಿ.

ಯಜಮಾನರು ಕನ್ನಡಕ ಹಾಕಿಕೊಂಡು ಅದನ್ನೂ ಓದಿದರು. ಮಗನ ಕೈಲಿ ಅರ್ಥ ಹೇಳಿಸಿಕೊಂಡರು. "ಬಾಡಿಗೆ ಕಟ್ಟೋನ ಹೆಸರಿಲ್ಲ, ಮೂಟೆ ಹೊತ್ತು ಇಳಿಯೋ ನನ್ನ ಹೆಸರಿಲ್ಲ, ನಿನ್ನ ಸೀರೆ ಹೆಸರು ಬರೆದಾಳಲ್ಲೇ! ನನ್ನ ಪಂಚೆಗೂ ಒಂದು ಹಗ್ಗ ಕೇಳು."

"ಅವ್ರು ಪಂಚೆ ಝಾಡಿಸಾಕೆ ಬರಲ್ಲಂತೆ" ಎಂದೆ. "ಮೊದಲು ನೀವೇ ಕಲೀರಿ."