ಕುಮಾರಸ್ವಾಮಿ ಲೇಔಟಿನ ಫೈಲ್ ಮೀಮಾಂಸೆ

1. ಪೀಠಿಕೆ

ಶಿಲಾಶಾಸನಗಳನ್ನು ಓದಿದವರಿದ್ದಾರೆ, ತಾಳೆಗರಿಗಳನ್ನು ಬಿಡಿಸಿದವರಿದ್ದಾರೆ. ಮೊಬೈಲಿನ ಡೌನ್‌ಲೋಡ್ ಫೋಲ್ಡರ್ ಮಾತ್ರ ವಿದ್ವಾಂಸರ ಕಣ್ಣಿಗೆ ಬೀಳದೆ ಅನಾಥವಾಗಿದೆ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಉದ್ದೇಶ. ಕ್ಷೇತ್ರ: ಬೆಂಗಳೂರಿನ ಕುಮಾರಸ್ವಾಮಿ ಲೇಔಟ್, ಒಂದನೇ ಹಂತ. ಆಕರ: ಸರ್ಕಾರಿ ಕೆಲಸದಿಂದ ನಿವೃತ್ತರಾದ ನನ್ನ ಸೋದರಮಾವನ 64 ಜಿಬಿ ಫೋನು.

ಉತ್ಖನನಕ್ಕೆ ನೆಪವಾದದ್ದು ಇ-ಖಾತಾ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಇದು ಆನ್‌ಲೈನಾಗಿ ಬಂದ ಮೇಲೆ ಆಧಾರ್, ಕಂದಾಯದ ರಸೀದಿ, ಕ್ರಯಪತ್ರ ಇವೆಲ್ಲ ಒಟ್ಟಿಗೇ ಬೇಕಾದವು. "ಎಲ್ಲಾ ಫೋನಲ್ಲೇ ಇದೆ ಕಣೋ" ಎಂದರು ಮಾವ. ಈ ವಾಕ್ಯವೇ ನಮ್ಮ ಪೂರ್ವಪಕ್ಷ.

2. ಪದರ ವಿಚಾರ

ತಳದ ಪದರ ‘ಡಿಸಿಐಎಂ’. ಡಿಜಿಟಲ್ ಕ್ಯಾಮೆರಾ ಇಮೇಜಸ್ ಎಂಬುದರ ಸಂಕ್ಷೇಪವಿದು. 1998ರ ಸುಮಾರಿಗೆ ಜಪಾನಿನಲ್ಲಿ ಕ್ಯಾಮೆರಾಗಳಿಗೆಂದು ಮಾಡಿದ ಕಟ್ಟಳೆ ಇಂದಿಗೂ ಫೋನುಗಳಲ್ಲಿ ಉಳಿದುಬಂದಿದೆ. ಮಾವ ಇದನ್ನು ಒಮ್ಮೆಯೂ ತೆರೆದಿರಲಿಲ್ಲ. "ಡಿ.ಸಿ. ಅಂತ ಇದ್ಯಲ್ಲೋ, ಮೇಲಿನೋರ ಫೈಲು ನಮಗ್ಯಾಕೆ ಅಂತ ಬಿಟ್ಟಿದ್ದೆ." ಮೂವತ್ತು ವರ್ಷದ ಸರ್ಕಾರಿ ಸೇವೆ ಹೀಗೂ ಫಲ ಕೊಡುತ್ತದೆ.

ಅದರ ಮೇಲಿನದು ವಾಟ್ಸಾಪ್ ಪದರ. ಇಲ್ಲಿನ ಪ್ರತಿ ಚಿತ್ರದ ಹೆಸರಿನಲ್ಲೂ ವರ್ಷ, ತಿಂಗಳು, ದಿನ, ಆ ದಿನದ ಕ್ರಮಸಂಖ್ಯೆ ಕೆತ್ತಿರುತ್ತವೆ. ಹಲ್ಮಿಡಿ ಶಾಸನಕ್ಕೂ ಇಲ್ಲದ ಭಾಗ್ಯ! ಆದರೆ ಅದು ಚಿತ್ರ ತೆಗೆದ ದಿನವಲ್ಲ, ಫೋನಿಗೆ ಬಂದಿಳಿದ ದಿನ. ಹಾಗಾಗಿ ಅಜ್ಜಿಯ ಮದುವೆಯ ಫೋಟೊ ಹೋದ ಯುಗಾದಿಯದೆಂದು ಹೇಳಿಕೊಳ್ಳುತ್ತದೆ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಶಾಸನತಜ್ಞ ಫ್ಲೀಟ್ ಕೂಟಶಾಸನಗಳೆಂದು, ಅಂದರೆ ನಕಲಿಯೆಂದು, ತಳ್ಳಿಹಾಕಿದ್ದರು, ಇನ್ನೊಬ್ಬ ಶಾಸನತಜ್ಞ ರೈಸ್ ಒಪ್ಪಲಿಲ್ಲ. ಈ ಫೋಲ್ಡರ್ ಕಂಡಿದ್ದರೆ ಇಬ್ಬರೂ ರಾಜಿಯಾಗುತ್ತಿದ್ದರು.

ಪದರದ ಬಹುಭಾಗ ಸೂರ್ಯ, ಗುಲಾಬಿ ಮತ್ತು ‘ಶುಭೋದಯ’. ಭಾರತದ ಫೋನುಗಳು ಬೆಳಗಿನ ಶುಭಾಶಯಗಳಿಂದಲೇ ತುಂಬಿ ನಿಲ್ಲುತ್ತಿವೆಯೆಂದು ಗೂಗಲ್ ಸಂಶೋಧಕರು ಕಂಡುಕೊಂಡದ್ದು 2018ರಲ್ಲೇ ಅಮೆರಿಕದ ಪತ್ರಿಕೆಯಲ್ಲಿ ಸುದ್ದಿಯಾಗಿತ್ತು. ಆ ಸುದ್ದಿಯೂ ಮಾವನಿಗೆ ಫಾರ್ವರ್ಡ್ ಆಗಿ ಬಂದು ಅದೇ ಫೋಲ್ಡರಿನಲ್ಲಿದೆ.

3. ಪಾಠಾಂತರ ವಿಚಾರ

ಡೌನ್‌ಲೋಡಿನಲ್ಲಿ ಇ-ಆಧಾರಿನ ಆರು ಪ್ರತಿಗಳು ದೊರೆತಿವೆ: ಮೂಲ ಒಂದು, (1)ರಿಂದ (5)ರವರೆಗೆ ಪಾಠಾಂತರ ಐದು. ಅಕ್ಷರವೂ ಬೇರೆಯಿಲ್ಲ. ಕಾರಣ ಸರಳ: ಹುಡುಕುವುದಕ್ಕಿಂತ ಹೊಸದಾಗಿ ಇಳಿಸಿಕೊಳ್ಳುವುದು ಸುಲಭ, ಇಳಿಸಿಕೊಂಡಷ್ಟೂ ಹುಡುಕುವುದು ಕಷ್ಟ.

ಆರಕ್ಕೂ ಬೀಗ. ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ, ಇದು ಬೀಗದ ಸೂತ್ರ. ಮಾವನ ಹೆಸರಿಗೋ ಮುಂದೆ ಇನಿಷಿಯಲ್ಲು, ಅದಕ್ಕೊಂದು ಚುಕ್ಕಿ. ಆ ಚುಕ್ಕಿಯನ್ನೂ ಒಂದು ಅಕ್ಷರವೆಂದು ಎಣಿಸಬೇಕು. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಸೂತ್ರ ಬರೆಯದೆ ಹೋದದ್ದರಿಂದ ನಮಗೆ ಮುಕ್ಕಾಲು ಗಂಟೆ ಹಿಡಿಯಿತು.

ಕ್ರಯಪತ್ರ ಮಾತ್ರ ಎಲ್ಲೂ ಇಲ್ಲ.

4. ವಿಳಾಸ ಸಿದ್ಧಾಂತ

ವಾಟ್ಸಾಪಿನಲ್ಲಿ ಬಂದ ದಾಖಲೆಗೆ ವಿಳಾಸವಿದೆ: ಇಂಟರ್ನಲ್ ಸ್ಟೋರೇಜ್, ಆಂಡ್ರಾಯ್ಡ್, ಮೀಡಿಯಾ, ಕಾಮ್ ಡಾಟ್ ವಾಟ್ಸಾಪ್, ವಾಟ್ಸಾಪ್, ಮತ್ತೆ ಮೀಡಿಯಾ, ಕೊನೆಗೆ ವಾಟ್ಸಾಪ್ ಡಾಕ್ಯುಮೆಂಟ್ಸ್. ಹಂತ, ಮೇನ್, ಕ್ರಾಸ್, ಮನೆ ನಂಬರು ಎಂದು ಬದುಕುವ ಬಡಾವಣೆಯವರಿಗೆ ಇದು ಕರತಲಾಮಲಕವಾಗಬೇಕಿತ್ತು. ಆಗಿಲ್ಲ. ಏಕೆಂದರೆ ಲೇಔಟಿನಲ್ಲಿ ಯಾರೂ ನಂಬರು ಹಿಡಿದು ಮನೆ ಹುಡುಕುವುದಿಲ್ಲ. ಬೇಕರಿಯ ಮುಂದೆ ನಿಂತು, "ಇಲ್ಲಿ ಮೇಷ್ಟ್ರ ಮನೆ ಯಾವುದು?" ಎನ್ನುತ್ತಾರೆ. ಫೈಲನ್ನೂ ಮಾವ ಹಾಗೆಯೇ ಕರೆಯುತ್ತಾರೆ: "ಸುಧಾ ಮಗಳ ನಾಮಕರಣದ ದಿನ ಕಳಿಸಿದ್ರಲ್ಲ, ಅದು."

ಇದಕ್ಕೆ ದೊಡ್ಡವರ ನಿದರ್ಶನವೂ ಉಂಟು. ಕೌಟಿಲ್ಯನ ‘ಅರ್ಥಶಾಸ್ತ್ರ’ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ಅದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಕಟ್ಟನ್ನು ತಂದುಕೊಟ್ಟದ್ದರಿಂದ. ಅದನ್ನು ಆರ್. ಶಾಮಶಾಸ್ತ್ರಿಗಳು ಗುರುತು ಹಿಡಿದು 1909ರಲ್ಲಿ ಅಚ್ಚು ಹಾಕಿಸಿದರು. ಸಿದ್ಧಾಂತ: ದಾಖಲೆ ಹುಡುಕಿದರೆ ಸಿಗುವುದಿಲ್ಲ, ಇಟ್ಟುಕೊಂಡವರನ್ನು ಕೇಳಿದರೆ ಸಿಗುತ್ತದೆ.

5. ಪ್ರಯೋಗ ಮತ್ತು ಫಲಿತಾಂಶ

ಸಿದ್ಧಾಂತವನ್ನು ಒರೆಗೆ ಹಚ್ಚಲು ಶಾವಿಗೆ ಮಲ್ಲೇಶ್ವರ ಬೆಟ್ಟದ ಕಾಲೇಜು ಹುಡುಗರು ಮುತ್ತುವ ಒಂದು ಜೆರಾಕ್ಸ್ ಅಂಗಡಿಗೆ ಹೋದೆವು. ಗೋಡೆಯ ಮೇಲೆ ಬರೆದ ನಂಬರಿಗೆ ಎಲ್ಲರೂ ಪಿಡಿಎಫ್ ಕಳಿಸುತ್ತಾರೆ, ಪ್ರಿಂಟ್ ಒಯ್ಯುತ್ತಾರೆ, ಅಳಿಸಿ ಎನ್ನುವವರು ಯಾರೂ ಇಲ್ಲ. ಬಡಾವಣೆಯ ನಿಜವಾದ ಪತ್ರಾಗಾರ ಅದೇ.

"ಏನಪ್ಪಾ, ಹೋದ ವರ್ಷ ನನ್ನ ಕ್ರಯಪತ್ರ ಸ್ಕ್ಯಾನ್ ಮಾಡಿದ್ದೆ, ಇದ್ಯಾ?"

"ನಿಮ್ಮ ನಂಬರ್ ಹೇಳಿ ಅಂಕಲ್."

ಹತ್ತು ಅಂಕಿ ಮುಗಿಯುವಷ್ಟರಲ್ಲಿ ಸಿಕ್ಕಿತು. "ನಿಮಗೂ ಕಳಿಸಿದೀನಿ. ಆಧಾರೂ ಇತ್ತು, ಅದನ್ನೂ ಹಾಕಿದೀನಿ."

ಫೋನು ಟಣ್ ಎಂದಿತು. ಆಧಾರಿನ ಏಳನೆಯ ಪ್ರತಿ ಲಭ್ಯವಾಗಿರುವುದರಿಂದ ಮೂರನೇ ಅಧ್ಯಾಯವನ್ನು ಮುಂದಿನ ಆವೃತ್ತಿಯಲ್ಲಿ ಪರಿಷ್ಕರಿಸಲಾಗುವುದು.