ಇನ್‌ಸ್ಪೆಕ್ಷನ್ ಅಜ್ಜ

ಹರಿಹರದಲ್ಲಿ ಬೆಳಗಿನ ಹೊತ್ತು ಹೊಳೆಯ ಕಡೆ ಹೊರಟರೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಎದುರಾಗುತ್ತಾರೆ. ನೀವು ನಮಸ್ಕಾರ ಎಂದರೆ ಅವರು ನಮಸ್ಕಾರ ಎನ್ನುವುದಿಲ್ಲ. "ಏನಪಾ, ಹೊಟ್ಟಿ ಸಾಫ್ ಆತೇನು?" ಎನ್ನುತ್ತಾರೆ. ಆಯಿತು ಎಂದರೆ ಅವರ ಮುಖದಲ್ಲಿ ಸಣ್ಣ ಅಸೂಯೆ, ಇಲ್ಲ ಎಂದರೆ ದೊಡ್ಡ ಸಂತೋಷ. ಇಂಥವರು ಊರಿಗೊಬ್ಬರಲ್ಲ, ಓಣಿಗೊಬ್ಬರು. ನಮ್ಮ ಓಣಿಯವರಿಗೆ ಇನ್‌ಸ್ಪೆಕ್ಷನ್ ಅಜ್ಜ ಎಂದು ಹೆಸರು.

ಹೆಸರು ಬಂದದ್ದು ಕಾರ್ಖಾನೆಯಿಂದ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಕಾಲದಲ್ಲಿ ಅಜ್ಜ ಅಲ್ಲಿ ಪರೀಕ್ಷಾ ವಿಭಾಗದಲ್ಲಿದ್ದರು. ಮೈಕ್ರೋಮೀಟರ್ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಮಾಲು ವಾಪಸ್ ಕಳಿಸಿದವರು. ಕಾರ್ಖಾನೆ ಮುಚ್ಚಿತು, ಪರೀಕ್ಷೆಯ ಚಟ ಮುಚ್ಚಲಿಲ್ಲ. ಪಾಳಿ ಕೆಲಸ ಕೊಟ್ಟ ಇನ್ನೊಂದು ಪಿಂಚಣಿ ಎಂದರೆ ಮಲಬದ್ಧತೆ. ರಾತ್ರಿ ಇಸಬ್‌ಗೋಲ್, ಬೆಳಿಗ್ಗೆ ಎರಡು ಚೊಂಬು ಬಿಸಿನೀರು, ಆಮೇಲೆ ಪಚ್ಚಬಾಳೆ, ಆಮೇಲೆ ಹರಿಹರೇಶ್ವರನ ಗುಡಿಯವರೆಗೆ ನಡಿಗೆ. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಆ ಗುಡಿಯ ಮುಂದೆ ಜನ ಏನೇನೋ ಬೇಡಿಕೊಳ್ಳುತ್ತಾರೆ. ಅಜ್ಜನದು ಒಂದೇ ಬೇಡಿಕೆ, ಅದೂ ಮನೆ ತಲುಪುವುದರೊಳಗೆ ಈಡೇರಬೇಕು.

ಇಂಥ ಮನೆಗೆ ಮಗಳು ಬಾಣಂತನಕ್ಕೆ ಬಂದಳು. ಅಳಿಯನ ಮನೆ ಹದಿನಾಲ್ಕು ಕಿಲೋಮೀಟರ್ ಆಚೆ, ದಾವಣಗೆರೆ. ಬೀಗರದು ಮಂಡಿ, ಮೆಕ್ಕೆಜೋಳದ ವ್ಯಾಪಾರ. ಹೆರಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಆಯಿತು. ಕೂಸಿನ ಮುಖ ಯಾರ ಹಾಗಿದೆ ಎಂದು ಎಲ್ಲರೂ ಜಗಳಾಡುತ್ತಿದ್ದಾಗ ಅಜ್ಜ ಬಟ್ಟೆ ಸರಿಸಿ ನೋಡಿ ಚೀರಿದರು. ಕಪ್ಪು ಹಸಿರು, ಅಂಟಂಟು. "ಸಿಸ್ಟರ್, ಗೇರ್ ಆಯಿಲ್ ಬರಾಕತ್ತೈತಿ!"

ನರ್ಸಮ್ಮ ನಕ್ಕರು. ಅದು ಕೂಸು ಹೊಟ್ಟೆಯೊಳಗಿದ್ದಾಗಿನ ಮೊದಲ ಮಲ, ಇಪ್ಪತ್ನಾಲ್ಕು ಗಂಟೆಯೊಳಗೆ ಬಂದರೆ ಖುಷಿಪಡಬೇಕು. ನಲವತ್ತೆಂಟು ಗಂಟೆ ಕಳೆದರೂ ಬಾರದಿದ್ದರೆ ಡಾಕ್ಟರರಿಗೇ ಚಿಂತೆ. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದೆ ಹುಟ್ಟುವ ಕೂಸುಗಳೂ ಇವೆ. 1886ರಲ್ಲಿ ಆ ಕಾಯಿಲೆಯನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯ ಹರ್ಷ್‌ಸ್ಪ್ರಂಗ್ ಅವರ ಹೆಸರೇ ಅದಕ್ಕೆ ಉಳಿದಿದೆ. ಇದನ್ನು ಕೇಳಿದ ಅಜ್ಜನ ಮುಖದಲ್ಲಿ ಭಕ್ತಿ ಮೂಡಿತು. ಜಗತ್ತಿನಲ್ಲಿ ತಮ್ಮ ವಿಭಾಗದವರು ಮೊದಲೇ ಇದ್ದರಲ್ಲ ಎಂದು.

ಮಾರನೆಯ ದಿನವೇ ಒಂದು ರಿಜಿಸ್ಟರ್ ಬಂತು. ದಿನಾಂಕ, ವೇಳೆ, ಬಣ್ಣ, ಹದ, ಷರಾ. ಸ್ವಂತ ನಾಲ್ಕು ಮಕ್ಕಳ ಒಂದು ಒದ್ದೆ ಬಟ್ಟೆಯನ್ನೂ ಮುಟ್ಟಿದವರಲ್ಲ. ಈಗ ಮೊಮ್ಮಗಳ ಬಟ್ಟೆ ಹಿಡಿದು ಕಿಟಕಿಯ ಬೆಳಕಿಗೆ ಹೋಗುತ್ತಿದ್ದರು. ಕಪ್ಪು ಹೋಗಿ ಹಸಿರಾಯಿತು, ಹಸಿರು ಹೋಗಿ ಸಾಸಿವೆ ಹಳದಿಯಾಯಿತು. ಷರಾ: "ಪಾಸ್."

ದಿನಾ ಸಂಜೆ ಬೀಗರ ಫೋನು. ಮಂಡಿಯಲ್ಲಿ ನಾಲ್ಕು ಜನ ಕೂತಿರುತ್ತಾರೆ, ಬಿಡಿಸಿ ಕೇಳುವಂತಿಲ್ಲ. "ಬೀಗರೇ, ಮಾಲು ಇಳೀತೇನ್ರಿ?"

"ಮೂರು ಲೋಡ್ ಇಳೀತ್ರಿ."

"ತೇವ ಹೆಂಗೈತಿ?"

"ತೇವ ಜಾಸ್ತಿನೇ ಐತಿ, ಕಾಳು ಸಣ್ಣ ಅದಾವು."

ಮದುವೆಯಲ್ಲಿ ಊಟದ ಎಲೆಯಿಂದ ಹಿಡಿದು ಬ್ಯಾಂಡಿನವರೆಗೆ ಒಂದರಲ್ಲೂ ಒಪ್ಪದಿದ್ದ ಬೀಗರಿಬ್ಬರು, ಹರಿಯೂ ಹರನೂ ಒಂದೇ ಮೈಯಲ್ಲಿ ನಿಂತ ಊರಿನ ಮರ್ಯಾದೆ ಉಳಿಸಿದ್ದು ಈ ಒಂದು ವಿಷಯದಲ್ಲಿ.

ಆರನೆಯ ವಾರಕ್ಕೆ ಮಾಲು ನಿಂತಿತು. ಒಂದು ದಿನ ಇಲ್ಲ, ಎರಡು ದಿನ ಇಲ್ಲ. ಮೂರನೆಯ ದಿನ ಅಜ್ಜ ತಮ್ಮ ಬಿಸಿನೀರನ್ನೂ ಮರೆತರು. ಕೂಸು ಹಾಲು ಕುಡಿಯುತ್ತಿತ್ತು, ಉಚ್ಚೆ ಹೊಯ್ಯುತ್ತಿತ್ತು, ಸೂರು ನೋಡಿ ನಗುತ್ತಿತ್ತು. ನಡುನಡುವೆ ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು ಹತ್ತು ನಿಮಿಷ ತಿಣುಕುತ್ತಿತ್ತು. ಅದು ತಿಣುಕಿದಾಗೆಲ್ಲ ತೊಟ್ಟಿಲ ಪಕ್ಕದ ಅಜ್ಜನೂ ಉಸಿರು ಬಿಗಿಹಿಡಿದು ತಿಣುಕುವರು. ಕೊನೆಗೆ ಕೂಸು ಸಡಿಲಾಗಿ ನಿದ್ದೆ ಹೋಗುವುದು, ಅಜ್ಜ ಸುಸ್ತಾಗಿ ಗೋಡೆಗೆ ಒರಗುವರು.

ಪಡಸಾಲೆಯಲ್ಲಿ ಸಭೆ ಸೇರಿತು. ಅತ್ತಿಗೆ ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ತಂದರು. ಪಕ್ಕದ ಮನೆಯವರು ಸೋಪಿನ ಕಡ್ಡಿ ಕೆತ್ತಿಕೊಂಡು ಬಂದರು. ಎದುರು ಮನೆಯಜ್ಜಿ ಬಜೆ, ಅಳಲೆಕಾಯಿ, ಜಾಯಿಕಾಯಿ ತೇಯಲು ಕಲ್ಲು ಕೇಳಿದರು. ಒಬ್ಬರು ಜೇನುತುಪ್ಪ ಎಂದರು, ಇನ್ನೊಬ್ಬರು ಎರಡು ಚಮಚ ನೀರು ಎಂದರು. ಮೂಲೆಯಲ್ಲಿದ್ದವರು ಗ್ರೈಪ್ ವಾಟರ್ ಹೊಗಳಿದರು. 1851ರಲ್ಲಿ ಇಂಗ್ಲೆಂಡಿನ ವುಡ್‌ವರ್ಡ್ ಮಾಡಿದ ಆ ನೀರಿನಲ್ಲಿ ಆಗ ಮದ್ಯವೂ ಇತ್ತು. ಹಿಂದಿನ ಕೂಸುಗಳು ಅಷ್ಟು ಸುಲಭಕ್ಕೆ ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಜ್ಜ ಮಾತ್ರ ತಮ್ಮ ಇಸಬ್‌ಗೋಲ್ ಡಬ್ಬಿಯನ್ನೇ ದಿಟ್ಟಿಸುತ್ತಿದ್ದರು. ಅಜ್ಜಿ ಅದನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಬಂದರು. ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟನೆಯ ದಿನಗಳಲ್ಲಿ ಬಂದು ಹೋಗಿದ್ದವರು, ನಲವತ್ತೆರಡನೆಯ ದಿನದ ಕೊನೆಯ ಭೇಟಿಗೆ. ಅವರ ಕೈಯಲ್ಲೂ ಒಂದು ಫಾರಂ ಇರುತ್ತಿದ್ದುದರಿಂದ ಅಜ್ಜನಿಗೆ ಅವರ ಮೇಲೆ ತುಂಬ ಗೌರವ. "ತೊಟ್ಟು ಗಿಟ್ಟು ಹಾಕಬ್ಯಾಡ್ರಿ, ಬಾಯಿಗೆ ಎದೆಹಾಲು ಬಿಟ್ಟು ಏನೂ ಬ್ಯಾಡ. ಧೈರ್ಯ ಸಾಲದಿದ್ರೆ ಡಾಕ್ಟ್ರಿಗೆ ತೋರಿಸ್ರಿ" ಎಂದರು. ಅಜ್ಜ ರಿಜಿಸ್ಟರ್ ಬಗಲಿಗೆ ಸಿಕ್ಕಿಸಿ ದಾವಣಗೆರೆ ಬಸ್ಸು ಹಿಡಿಸಿದರು.

ಮಕ್ಕಳ ಡಾಕ್ಟರು ಕೂಸಿನ ಹೊಟ್ಟೆ ಮುಟ್ಟಿದರು, ತೂಕ ನೋಡಿದರು, ರಿಜಿಸ್ಟರನ್ನೂ ಓದಿದರು. ಆಮೇಲೆ ಹೇಳಿದರು: ಮೊದಲ ವಾರಗಳಲ್ಲಿ ದಿನಾ ಹಲವು ಸಲ ಹೋಗುತ್ತಿದ್ದ ಕೂಸು ಆರು ವಾರದ ಹೊತ್ತಿಗೆ ನಿಧಾನಿಸುವುದುಂಟು. ಎದೆಹಾಲಿನಲ್ಲಿ ಕಸ ಕಡಿಮೆ, ಬಹುಪಾಲು ಮೈಗೇ ಹತ್ತುತ್ತದೆ. ವಾರಕ್ಕೊಮ್ಮೆ ಹೋದರೂ ಮೆತ್ತಗಿದ್ದರೆ, ತೂಕ ಏರುತ್ತಿದ್ದರೆ ಅದು ಮಲಬದ್ಧತೆ ಅಲ್ಲ. ಮಲಬದ್ಧತೆ ಎಂದರೆ ಗಟ್ಟಿ ಉಂಡೆ, ದಿನಗಳ ಲೆಕ್ಕವಲ್ಲ. ಇನ್ನು ತಿಣುಕುವುದು ಕಲಿಕೆ: ಮೇಲಿನಿಂದ ಒತ್ತುವಾಗ ಕೆಳಗೆ ಸಡಿಲ ಬಿಡಬೇಕೆಂದು ಕೂಸಿಗೆ ಇನ್ನೂ ಗೊತ್ತಿಲ್ಲ. ತೊಟ್ಟು, ಕಡ್ಡಿ ಹಾಕಿದರೆ ಗಾಯವಾಗಬಹುದು, ತೊಟ್ಟಿಲ್ಲದೆ ಹೋಗದ ಅಭ್ಯಾಸವೂ ಆಗಬಹುದು. ಬೇಕಿದ್ದರೆ ಸೈಕಲ್ ತುಳಿಸುವ ಹಾಗೆ ಕಾಲು ಆಡಿಸಿ, ಹೊಟ್ಟೆ ಮೆಲ್ಲಗೆ ನೀವಿ. ಒಂದು ವರ್ಷದವರೆಗೆ ಜೇನು ಬೇಡ, ಅದರಿಂದ ಅಪಾಯದ ನಂಜು ಆಗಬಹುದು. ಆರು ತಿಂಗಳವರೆಗೆ ನೀರೂ ಬೇಡ.

"ರಿಜೆಕ್ಷನ್ ಯಾವಾಗ ಮಾಡೂದು ಸಾರ್?" ಎಂದರು ಅಜ್ಜ ಪೆನ್ನು ತೆಗೆದು. ಡಾಕ್ಟರು ಅದಕ್ಕೂ ಪಟ್ಟಿ ಕೊಟ್ಟರು: ಹಸಿರು ವಾಂತಿ, ಉಬ್ಬಿ ಬಿಗಿದ ಹೊಟ್ಟೆ, ಮಲದಲ್ಲಿ ರಕ್ತ, ಸುಣ್ಣದಂಥ ಬಿಳಿ ಬಣ್ಣ, ಜ್ವರ, ಹಾಲು ಬಿಡುವುದು. ಇದರಲ್ಲಿ ಒಂದು ಕಂಡರೂ ಅದೇ ಗಳಿಗೆ ಆಸ್ಪತ್ರೆಗೆ. ಅಜ್ಜ ಅಚ್ಚುಕಟ್ಟಾಗಿ ಬರೆದುಕೊಂಡರು. ಕೊನೆಗೆ ದನಿ ತಗ್ಗಿಸಿ, "ಸಾರ್, ದೊಡ್ಡೋರಿಗೂ ವಾರಕ್ಕೊಮ್ಮೆ ನಡೀತೈತೇನು?" ಎಂದರು. ನಡೆಯುವುದಿಲ್ಲ ಎಂದು ತಿಳಿಯಿತು.

ಹೊರಗೆ ಬೀಗರು ಕಾದಿದ್ದರು. ಇಷ್ಟು ದೂರ ಬಂದು ಬೆಣ್ಣೆ ದೋಸೆ ತಿನ್ನದೆ ಹೋದರೆ ಏನು ಚೆಂದ ಎಂದು ಅಜ್ಜನನ್ನು ಎಳೆದೊಯ್ದರು. ತಾಯಿ, ಕೂಸು, ಅಜ್ಜಿ ಬೀಗರ ಮನೆಗೆ ಹೋದರು. ಎರಡನೆಯ ದೋಸೆಯ ಮೇಲಿನ ಬೆಣ್ಣೆ ಇನ್ನೂ ಕರಗುತ್ತಿದ್ದಾಗ ಫೋನು ಬಂತು: "ಮಾಲು ಇಳೀತು. ನಾಲ್ಕು ದಿನದ್ದು ಒಮ್ಮೆಲೇ."

ಬೀಗರು ಮೂರನೆಯ ದೋಸೆ ಹೇಳಿದರು. ಅಜ್ಜ ಕೈತೊಳೆಯುವುದನ್ನೂ ಮರೆತು ಆಟೋ ಹತ್ತಿದರು. ಅವರು ತಲುಪುವಷ್ಟರಲ್ಲಿ ಅಜ್ಜಿ ಬಟ್ಟೆ ಒಗೆದು, ಹಿಂಡಿ, ಬಿಸಿಲಿಗೆ ಹರವಿ ಆಗಿತ್ತು.

"ಬಣ್ಣ?"

"ಹಳದಿ."

"ಹದ?"

"ಮೆತ್ತಗ."

"ವೇಳೆ?"

"ನೀವು ದ್ವಾಸಿ ತಿಂತಿದ್ರಲ್ಲ, ಆ ವೇಳೆ."

ಅಜ್ಜ ಪೆನ್ನಿನ ಮುಚ್ಚಳ ಹಾಕಿದರು. "ನಾನು ಕಣ್ಣಾರೆ ನೋಡಿಲ್ಲ. ಸಹಿ ಹಾಕಾಂಗಿಲ್ಲ."

"ನಾಲ್ಕು ಮಕ್ಕಳದು ನಾನು ಒಗ್ಯಾಗ ಯಾವ ಸಹಿ ಹಾಕಿದ್ರಿ?" ಎಂದರು ಅಜ್ಜಿ. "ಇವತ್ತಿಂದ ನೋಡೋರೇ ಒಗೀಬೇಕು. ಸೋಪು ಅಲ್ಲೈತಿ."

ಅಜ್ಜ ಎರಡು ದಿನ ಒಗೆದರು. ಮೂರನೆಯ ದಿನ ರಿಜಿಸ್ಟರಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ, ಈ ಮಾಲಿಗೆ ಇನ್ನು ಮುಂದೆ ಪರೀಕ್ಷೆಯ ಅಗತ್ಯವಿಲ್ಲ ಎಂದು ಷರಾ ಬರೆದು, ದೊಡ್ಡದಾಗಿ ಸಹಿ ಹಾಕಿದರು.