ರಿಸರ್ವ್ ಭಾವ

ಪ್ರತಿ ಕುಟುಂಬದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಗಾಡಿಯ ಮೀಟರಿನಲ್ಲಿ ಹಳದಿ ದೀಪ ಹತ್ತಿದರೆ ನಿಮಗೂ ನನಗೂ ಬಂಕ್ ನೆನಪಾಗುತ್ತದೆ, ಇವರಿಗೆ ಹುರುಪು ಬರುತ್ತದೆ. ನಮ್ಮ ಮನೆಗೆ ಆ ಭಾಗ್ಯ ಅಕ್ಕನ ಗಂಡನ ರೂಪದಲ್ಲಿ ಒದಗಿದೆ.

ಭಾವನ ಪ್ರಕಾರ ಆ ದೀಪ ಪುಕ್ಕಲರಿಗಾಗಿ ಇಟ್ಟಿದ್ದು. "ಇನ್ನೂ ಐದು ಲೀಟರ್ ಇರುತ್ತೆ ಕಣಯ್ಯ. ಅಮ್ಮ ಸಾಸಿವೆ ಡಬ್ಬೀಲಿ ದುಡ್ಡಿಟ್ಕೊಂಡು ಕೈಲಿ ಕಾಸಿಲ್ಲ ಅಂತಿರ್ಲಿಲ್ವಾ, ಹಾಗೆ."

ಐದು ಲೀಟರ್ ಅನ್ನುವುದು ಸುಳ್ಳೇನಲ್ಲ. 35-40 ಲೀಟರ್ ಟ್ಯಾಂಕಿನ ಸಣ್ಣ ಕಾರುಗಳಲ್ಲಿ ದೀಪ ಹತ್ತುವಾಗ ಹೆಚ್ಚುಕಡಿಮೆ ಅಷ್ಟು ಉಳಿದಿರುತ್ತದೆ. ಎಡವಟ್ಟಾಗುವುದು ಮಗ್ಗಿಯಲ್ಲಿ. ಆ ಐದನ್ನು ಭಾವ ಜಾಹೀರಾತಿನ ಮೈಲೇಜಿನಿಂದ ಗುಣಿಸುತ್ತಾರೆ: ಐದಿಪ್ಪತ್ತಲ ನೂರು! ಸಿಲ್ಕ್ ಬೋರ್ಡ್ ಜಾಮು, ಎ.ಸಿ., ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತ ನಾವು ಮೂವರು, ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸಾಲದ್ದಕ್ಕೆ ಆ ನೂರು ಕಿಲೋಮೀಟರನ್ನು ದೀಪ ತಮ್ಮ ಕಣ್ಣಿಗೆ ಬಿದ್ದ ಗಳಿಗೆಯಿಂದ ಎಣಿಸುತ್ತಾರೆ. ಅದು ಮೊನ್ನೆಯಿಂದಲೇ ಉರಿಯುತ್ತಿದ್ದರೆ ತಪ್ಪು ದೀಪದ್ದು.

ಈ ವಿದ್ಯೆ ಅವರಿಗೆ ಒಲಿದದ್ದು ಚೇತಕ್ ಸ್ಕೂಟರಿನ ಕಾಲದಲ್ಲಿ. ಆಗ ದೀಪವೆಲ್ಲಿತ್ತು? ಎಂಜಿನ್ ಎರಡು ಸಲ ಕೆಮ್ಮಿದರೆ ಪೆಟ್ರೋಲ್ ನಾಬನ್ನು ರಿಸರ್ವಿಗೆ ತಿರುಗಿಸಬೇಕು. ರಿಸರ್ವ್ ಎಂದರೆ ಬೇರೆ ಟ್ಯಾಂಕೇನೂ ಇರಲಿಲ್ಲ. ಟ್ಯಾಂಕಿನೊಳಗೆ ಒಂದು ಎತ್ತರದ ಕೊಳವೆ, ತಳದಲ್ಲಿ ಒಂದು ದಾರಿ. ಮೇಲಿನದಕ್ಕೆ ಎಟುಕದ್ದು ಕೆಳಗಿನದಕ್ಕೆ ಸಿಗುತ್ತಿತ್ತು. ಅದೂ ತೀರಿದರೆ ಗಾಡಿಯನ್ನು ಪಕ್ಕಕ್ಕೆ ವಾಲಿಸಿ, ಮೂಲೆಯಲ್ಲಿ ನಿಂತದ್ದನ್ನು ಈಚೆಗೆ ಹರಿಸಿ, ಇನ್ನಷ್ಟು ದೂರ. ಆಮೇಲೆ ಗೆಳೆಯನ ಬೈಕು. ಅವನು ಪಕ್ಕದಲ್ಲಿ ಬರುತ್ತ ಕಾಲು ಕೊಟ್ಟು ತಳ್ಳುತ್ತಾನೆ. ಪೆಟ್ರೋಲ್ ಹಾಕಿಸಿದ ಮೇಲೆ ನಾಬನ್ನು ಹಿಂದಕ್ಕೆ ತಿರುಗಿಸಲು ಭಾವ ಮರೆಯುತ್ತಿದ್ದರು. ಮುಂದಿನ ಸಲ ಎಂಜಿನ್ ಕೆಮ್ಮಿದಾಗ ತಿರುಗಿಸಲು ಏನೂ ಉಳಿದಿರುತ್ತಿರಲಿಲ್ಲ. 2020ರಲ್ಲಿ ಬಿಎಸ್6 ನಿಯಮ ಬಂದು, ಹೆಚ್ಚಿನ ಹೊಸ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದು, ಅವುಗಳಲ್ಲಿ ಆ ನಾಬೇ ಮಾಯವಾದದ್ದನ್ನು ಅವರು ಇಂದಿಗೂ ಕ್ಷಮಿಸಿಲ್ಲ.

ಇವರ ಜೊತೆ ಧರ್ಮಸ್ಥಳಕ್ಕೆ ಹೊರಟವರು ಮಂಜುನಾಥನನ್ನು ದಾರಿಯಲ್ಲೇ ನೆನೆಯಬೇಕಾಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವ ಮೊದಲೇ ದೀಪ ಹತ್ತಿತ್ತು. "ಉಜಿರೇಲಿ ಹಾಕ್ಸೋಣ, ಇಲ್ಲಿಂದ ಬರೀ ಇಳಿಜಾರು" ಅಂದರು ಭಾವ. ಚಾರ್ಮಾಡಿಯ ಮೂರನೇ ತಿರುವಿಗೆ ದೀಪ ಆರಿತು.

"ನೋಡಿದ್ಯಾ, ಹುಟ್ಕೊಂಡ್ತು!"

ಟ್ಯಾಂಕಿನೊಳಗೆ ತೇಲುವ ಬೆಂಡೊಂದಿದೆ. ಅದು ಏರಿದ್ದು ಇಳಿದದ್ದೇ ಮೀಟರಿಗೆ ಸಮಾಚಾರ. ಇಳಿಜಾರಿನಲ್ಲಿ ಇದ್ದಬದ್ದ ಪೆಟ್ರೋಲೆಲ್ಲ ಅದರ ಕಡೆಗೆ ಸರಿದರೆ ಬೆಂಡು ಏಳುತ್ತದೆ, ದೀಪ ಆರುತ್ತದೆ. ಆದರೆ ಹೊಸದಾಗಿ ಹುಟ್ಟಿದ್ದನ್ನು ಉಳಿಸಿಕೊಳ್ಳಬೇಕಲ್ಲ! ಭಾವ ನ್ಯೂಟ್ರಲ್ಲಿಗೆ ಹಾಕಿದರು. ಈಗಿನ ಕಾರುಗಳು ಇಳಿಜಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಿರಲೆಂದು ಅಷ್ಟಿಷ್ಟು ಕುಡಿಯುತ್ತಲೇ ಇರುತ್ತವೆ. ಘಾಟಿಯಲ್ಲಿ ಬರೀ ಬ್ರೇಕನ್ನು ನಂಬಿ ಇಳಿಯುವ ಹುಚ್ಚಾಟ ಬೇರೆ. ಇಷ್ಟನ್ನೂ ನಾನು ವಿವರಿಸಿದೆ. "ಅದೆಲ್ಲ ಪುಸ್ತಕದ ಮಾತು" ಅಂದರು. ಅಕ್ಕ, "ಗೇರ್ ಹಾಕ್ರೀ" ಅಂದಳು. ಹಾಕಿದರು.

ಪಂಪಿನ ವಿಷಯ ಎತ್ತುವ ಧೈರ್ಯ ಆಮೇಲೆ ನನಗೆ ಬರಲಿಲ್ಲ. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಅದೇ ಪೆಟ್ರೋಲು. ಸದಾ ತಳ ಕಾಣಿಸಿದರೆ ಅದು ಬೇಗ ಕೈಕೊಡುತ್ತದೆ, ಹೊಸದಕ್ಕೆ ಸಾವಿರಗಟ್ಟಲೆ ಬೀಳುತ್ತದೆ.

ಬೆಟ್ಟ ಇಳಿದು ಸಮತಟ್ಟಿಗೆ ಬಂದ ಕೂಡಲೇ ದೀಪ ಮತ್ತೆ ಹತ್ತಿತು. ಭಾವ ಅದರ ಕಡೆ ನೋಡಲೇ ಇಲ್ಲ. ಉಜಿರೆಯ ಬಂಕಿನಲ್ಲಿ ಗಾಜು ಇಳಿಸಿ, ಎಂದಿನ ಗತ್ತಿನಲ್ಲಿ "ಐನೂರಕ್ಕೆ ಹಾಕಪ್ಪ" ಅಂದರು. 2021ರಲ್ಲಿ ಲೀಟರಿನ ಬೆಲೆ ನೂರು ದಾಟಿದ ಮೇಲೆ ಐನೂರಕ್ಕೆ ಐದು ಲೀಟರೂ ಬರುವುದಿಲ್ಲ. ದೀಪ ಒಂದು ಕುರುಕ್ಷೇತ್ರ ಮುಗಿಸಿ ಇನ್ನೊಂದಕ್ಕೆ ಅಣಿಯಾಗುವಷ್ಟು ವಿರಾಮ, ಅಷ್ಟೆ.

"ಫುಲ್ ಮಾಡಿಸ್ರೀ" ಅಂದಳು ಅಕ್ಕ.

"ಫುಲ್ ಮಾಡಿಸಿದ್ರೆ ತೂಕ ಜಾಸ್ತಿ ಆಗಿ ಮೈಲೇಜ್ ಬೀಳುತ್ತೆ. ನಿನಗೆ ಗೊತ್ತಾಗಲ್ಲ."

35 ಲೀಟರ್ ಪೆಟ್ರೋಲ್ ಸುಮಾರು 26 ಕೆ.ಜಿ. ತೂಗುತ್ತದೆ. ಅಕ್ಕ ಏನೂ ಮಾತಾಡದೆ ಇಳಿದು ಹೋಗಿ ಡಿಕ್ಕಿ ತೆಗೆದಳು. ಮನೆಯೊಳಗೆ ಇಳಿಸಲು ಸೋಮಾರಿತನವಾಗಿ ಹದಿನೈದು ದಿನದಿಂದ ಭಾವ ಊರೆಲ್ಲ ಸುತ್ತಿಸುತ್ತಿದ್ದ 25 ಕೆ.ಜಿ. ಸೋನಾ ಮಸೂರಿ ಮೂಟೆ ಅಲ್ಲೇ ಕೂತಿತ್ತು.

"ಅಪ್ಪಾ, ಇದನ್ನ ಕೆಳಗಿಳಿಸಿ ನೀವೇ ಇಟ್ಕೊಳ್ಳಿ," ಅಂದಳು ಬಂಕಿನ ಹುಡುಗನಿಗೆ. "ಟ್ಯಾಂಕ್ ಫುಲ್ ಮಾಡಿ."